ಒಂದು ಸ್ಟೆಂಟ್ ಆಯ್ತು, ಇನ್ನೊಂದು ನಾಳದಲ್ಲಿ ‘60-70% ಬ್ಲಾಕ್’ ಇದೆ: ಮುಂದೇನು?

ಪ್ರಶ್ನೆ: ನನ್ನ ತಂದೆಗೆ 59 ವರ್ಷ. ದಾವಣಗೆರೆ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡುತ್ತಾರೆ. ಹತ್ತು ವರ್ಷದಿಂದ ಶುಗರ್ ಇದೆ. ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಮೂರು ವಾರದ ಹಿಂದೆ ಬೆಳಗಿನ ಜಾವ ಎದೆ ಹಿಂಡಿದ ಹಾಗಾಗಿ ಮೈಯೆಲ್ಲ ಬೆವೆತರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಎಂದು ಹೇಳಿ, ಇಂಜೆಕ್ಷನ್ ಕೊಟ್ಟು ಸಿಟಿಗೆ ಕಳಿಸಿದರು. ಮರುದಿನ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೀಗಿದೆ: ಎಲ್‌ಎಡಿಯಲ್ಲಿ (ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಡಗಡೆಯ ನಾಳ) 95% ಬ್ಲಾಕ್, ಸ್ಟೆಂಟ್ ನಂತರ ‘ಟಿಮಿ 3 ಫ್ಲೋ’, ಆರ್‌ಸಿಎಯಲ್ಲಿ (ಬಲಗಡೆಯ ನಾಳ) 60-70%, ಎಕೋದಲ್ಲಿ ಇಎಫ್ 40%. ತಿಂಗಳು ಬಿಟ್ಟು ಬನ್ನಿ, ವೈರ್ ಹಾಕಿ ಪ್ರೆಶರ್ ನೋಡಿ ಎರಡನೇ ಸ್ಟೆಂಟ್ ಬೇಕಾ ಅಂತ ತೀರ್ಮಾನ ಮಾಡೋಣ ಎಂದಿದ್ದಾರೆ. ಸಂಬಂಧಿಕರಲ್ಲಿ ಒಬ್ಬ ಡಾಕ್ಟರ್ ಇದ್ದಾರೆ. ಅಳೆಯೋದೆಲ್ಲ ಬೇಡ, ನೇರವಾಗಿ ಸ್ಟೆಂಟ್ ಹಾಕಿಸಿ ಅಂತಾರೆ. ಇನ್ನೊಬ್ಬರು ಸಿಟಿ ಆಂಜಿಯೋ ಸಾಕು ಅಂತಾರೆ. ಪಕ್ಕದ ಮನೆಯವರು ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕುಡಿದರೆ ಬ್ಲಾಕ್ ಕರಗುತ್ತೆ ಅಂತ ಬಾಟಲಿಯನ್ನೇ ತಂದುಕೊಟ್ಟಿದ್ದಾರೆ. ಅಪ್ಪನಿಗೆ ಈಗಲೂ ಸುಸ್ತು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕೂತುಬಿಡುತ್ತಾರೆ. ಸ್ಟೆಂಟ್ ಹಾಕಿದ ಮೇಲೂ ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ವಾ? ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತಾ? ಸ್ಟೆಂಟ್ ಇರುವವರಿಗೆ ಎಂಆರ್‌ಐ ಮಾಡಬಾರದು ಅಂತಾರಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಸ್ಟೆಂಟ್ ಹಾಕಿದ ಮೇಲೂ ಅಪ್ಪನಿಗೆ ಈ ಸುಸ್ತು ಯಾಕೆ ಅನ್ನೋದು ಒಂದು. ಉಳಿದಿರುವ ಬ್ಲಾಕ್‌ಗೆ ಏನು ಮಾಡಬೇಕು ಅನ್ನೋದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮಾಡಿಸಬೇಕಾದ ಪರೀಕ್ಷೆಯೂ ಬೇರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು, ಇಲ್ಲಿಯವರೆಗೆ ಆಗಿರುವ ಚಿಕಿತ್ಸೆ ಸರಿಯಾಗಿಯೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟಿದ್ದು ಬಹುಶಃ ಟೆನೆಕ್ಟೆಪ್ಲೇಸ್, ಹೆಪ್ಪು ಕರಗಿಸುವ ಔಷಧ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಅದು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುತ್ತಿದೆ. ಆ ಬೆಳಗಿನ ಜಾವ ನೀವು ತಡಮಾಡದೆ ಕರೆದುಕೊಂಡು ಹೋದಿರಿ. ಹೃದಯದ ಸ್ನಾಯು ಎಷ್ಟು ಉಳಿಯುತ್ತದೆ ಅನ್ನೋದು ಮುಖ್ಯವಾಗಿ ಆ ಮೊದಲ ಗಂಟೆಗಳ ಮೇಲೆ ನಿಂತಿರುತ್ತದೆ.

ಈಗ ಆ ‘60-70%’ ಅನ್ನೋ ಸಂಖ್ಯೆಗೆ ಬರೋಣ. ಮನೆಯವರನ್ನು ಜಾಸ್ತಿ ಹೆದರಿಸುವುದು ಅದೇ. ‘70% ಬ್ಲಾಕ್ ಅಂದ್ರೆ 30% ರಕ್ತ ಮಾತ್ರ ಹೋಗ್ತಿದೆ ಅಲ್ವಾ ಡಾಕ್ಟ್ರೇ?’ ಎಂದು ನನ್ನನ್ನು ಕೇಳದ ಕುಟುಂಬ ಕಡಿಮೆ. ಅದು ನಿಜವಲ್ಲ.

ಆಂಜಿಯೋಗ್ರಾಂನಲ್ಲಿ ನಮಗೆ ಕಾಣುವುದು ರಕ್ತದ ಹರಿವಿನ ಅಳತೆ ಅಲ್ಲ. ನಾಳದೊಳಗೆ ಡೈ ಬಿಟ್ಟಾಗ ಎಕ್ಸ್‌ರೇಯಲ್ಲಿ ಬೀಳುವ ನೆರಳು ಅಷ್ಟೇ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರ ಕೈಯಲ್ಲಿ ಡೈ ಆಕಸ್ಮಿಕವಾಗಿ ನೇರ ಹೃದಯದ ನಾಳಕ್ಕೇ ಹೋಯಿತು. ಈ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. ಯಂತ್ರಗಳು ಎಷ್ಟೋ ಸುಧಾರಿಸಿವೆ, ಆದರೆ ನೋಡುವುದು ಇಂದಿಗೂ ನೆರಳನ್ನೇ. ಒಂದು ನಾಳದ ಅಗಲ 3 ಮಿಲಿಮೀಟರ್ ಅಂದುಕೊಳ್ಳಿ. 60% ಬ್ಲಾಕ್ ಅಂದರೆ ಉಳಿದ ದಾರಿ 1.2 ಮಿಮೀ. 70% ಅಂದರೆ 0.9 ಮಿಮೀ. ಎರಡರ ನಡುವೆ ಇರುವುದು 0.3 ಮಿಮೀ. ಹೃದಯ ಬಡಿಯುತ್ತಿರುವಾಗ, ನಾಳ ಕುಣಿಯುತ್ತಿರುವಾಗ, ಈ ವ್ಯತ್ಯಾಸವನ್ನು ನಾವು ಬಹಳಷ್ಟು ಸಲ ಕಣ್ಣಳತೆಯಲ್ಲೇ ಹೇಳುತ್ತೇವೆ. ಒಂದೇ ಆಂಜಿಯೋಗ್ರಾಂ ಸಿಡಿ ನೋಡಿ ಒಬ್ಬ ಡಾಕ್ಟರ್ 60 ಅನ್ನಬಹುದು, ಇನ್ನೊಬ್ಬರು 75 ಅನ್ನಬಹುದು. ಇಬ್ಬರೂ ಅನುಭವಸ್ಥರೇ. ಇನ್ನೂ ಒಂದು ವಿಷಯ: ಅಟ್ಯಾಕ್ ಆದ ಹೊತ್ತಿನಲ್ಲಿ ಮೈಯೆಲ್ಲ ಒತ್ತಡದಲ್ಲಿರುತ್ತದೆ. ಬೇರೆ ನಾಳಗಳೂ ಆಗ ಸ್ವಲ್ಪ ಬಿಗಿದುಕೊಂಡು, ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು.

ಸರಿ, ಕಿರಿದಾಗಿರುವುದಂತೂ ನಿಜ. ಹರಿವು ಕಡಿಮೆ ಆಗುವುದು ಯಾವಾಗ? ಸುಮ್ನೆ ಕೂತಿರುವಾಗ ಹೃದಯಕ್ಕೆ ಬೇಕಾಗುವ ರಕ್ತ ಕಡಿಮೆ. ಆಗ ಬ್ಲಾಕ್‌ನ ಮುಂದಿರುವ ಸಣ್ಣ ನಾಳಗಳು ಅಗಲವಾಗಿ ಕೊರತೆ ತುಂಬಿಸಿಕೊಳ್ಳುತ್ತವೆ. ಹಾಗಾಗಿ ಸುಮಾರು 85% ದಾಟುವವರೆಗೂ ಕೂತಿದ್ದಾಗಿನ ಹರಿವು ಅಷ್ಟಾಗಿ ಇಳಿಯುವುದಿಲ್ಲ. ಹೊಲದಲ್ಲಿ ಗುದ್ದಲಿ ಹಿಡಿದಾಗ, ಮೆಟ್ಟಿಲು ಹತ್ತುವಾಗ, ಸಿಟ್ಟು ಬಂದಾಗ ಆರೋಗ್ಯವಾಗಿರುವ ಹೃದಯಕ್ಕೆ ಮೂರು-ನಾಲ್ಕು ಪಟ್ಟು ರಕ್ತ ಹರಿದು ಬರಬೇಕು. ಕಿರಿದಾದ ನಾಳ ಸೋಲುವುದು ಅಲ್ಲಿ. ಅರ್ಧದಷ್ಟು ಕಿರಿದಾದಾಗಿನಿಂದಲೇ ಆ ಹೆಚ್ಚುವರಿ ಶಕ್ತಿ ನಿಧಾನವಾಗಿ ತಗ್ಗುತ್ತಾ ಬರುತ್ತದೆ. ಎಷ್ಟು ತಗ್ಗಿದೆ ಅನ್ನೋದು ಬ್ಲಾಕ್ ಎಷ್ಟು ಉದ್ದ ಇದೆ, ಎಲ್ಲಿದೆ, ಆ ನಾಳ ಎಷ್ಟು ಸ್ನಾಯುವಿಗೆ ರಕ್ತ ಕೊಡುತ್ತದೆ ಅನ್ನೋದರ ಮೇಲೂ ನಿಂತಿದೆ. ಶೇಕಡಾವಾರು ಸಂಖ್ಯೆ ಇದ್ಯಾವುದನ್ನೂ ಹೇಳುವುದಿಲ್ಲ.

ನಿಮ್ಮ ಡಾಕ್ಟರ್ ಹೇಳಿದ ‘ವೈರ್ ಹಾಕಿ ಪ್ರೆಶರ್ ನೋಡೋದು’ ಇದನ್ನೇ ಅಳೆಯುವ ಪರೀಕ್ಷೆ. ಎಫ್‌ಎಫ್‌ಆರ್ ಅಂತ ಕರೆಯುತ್ತೇವೆ. ಆಂಜಿಯೋಗ್ರಾಂ ಮಾಡುವಾಗಲೇ, ಮಣಿಕಟ್ಟಿನ ಅದೇ ದಾರಿಯಿಂದ, ಅರ್ಧ ಮಿಲಿಮೀಟರ್‌ಗಿಂತಲೂ ತೆಳ್ಳಗಿರುವ ವೈರ್ ಒಂದನ್ನು ಬ್ಲಾಕ್ ದಾಟಿಸಿ ನಿಲ್ಲಿಸುತ್ತೇವೆ. ತುದಿಯ ಹತ್ತಿರ ಪ್ರೆಶರ್ ಓದುವ ಸೆನ್ಸರ್ ಇರುತ್ತದೆ. ಮಾನಿಟರ್ ಮೇಲೆ ಎರಡು ಗೆರೆ ಓಡುತ್ತವೆ. ಒಂದು ಬ್ಲಾಕ್‌ಗೆ ಮೊದಲಿನ ಪ್ರೆಶರ್, ಇನ್ನೊಂದು ಬ್ಲಾಕ್ ದಾಟಿದ ಮೇಲಿನದು. ಆಮೇಲೆ ಅಡೆನೊಸಿನ್ ಎಂಬ ಔಷಧ ಕೊಟ್ಟು ಸಣ್ಣ ನಾಳಗಳನ್ನೆಲ್ಲ ಅಗಲ ಮಾಡುತ್ತೇವೆ. ಓಡುವಾಗ ಎಷ್ಟು ಹರಿವು ಇರುತ್ತದೋ ಅಂಥ ಸ್ಥಿತಿ ಮಲಗಿದ್ದಲ್ಲೇ ಬರುತ್ತದೆ. ಆ ಹೊತ್ತಿನಲ್ಲಿ ಎದೆ ಭಾರವಾದ ಹಾಗೆ, ಉಸಿರು ಕಟ್ಟಿದ ಹಾಗೆ ಆಗಬಹುದು. ಔಷಧ ನಿಲ್ಲಿಸಿದರೆ ಬೇಗ ಹೋಗುತ್ತದೆ, ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ. ಬ್ಲಾಕ್ ಹರಿವನ್ನು ತಡೆಯುತ್ತಿದ್ದರೆ ಎರಡನೇ ಗೆರೆ ಕೆಳಗೆ ಕುಸಿಯುತ್ತದೆ. ಎರಡರ ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ಸ್ನಾಯುವಿಗೆ ರಕ್ತದ ಕೊರತೆ ಮಾಡುತ್ತಿದೆ ಎಂದರ್ಥ. ಮೇಲಿದ್ದರೆ ಸಾಮಾನ್ಯವಾಗಿ ಸ್ಟೆಂಟ್ ಬೇಕಾಗುವುದಿಲ್ಲ, ಮಾತ್ರೆ ಸಾಕು. ಕೊನೆಯಲ್ಲಿ ವೈರ್ ಹಿಂದಕ್ಕೆ ಎಳೆದು ಎರಡೂ ಗೆರೆ ಮತ್ತೆ ಒಂದಾಗುತ್ತವಾ ಅಂತ ನೋಡಬೇಕು. ಆಗದಿದ್ದರೆ ಅಳತೆಯೇ ತಪ್ಪಿದೆ, ಮತ್ತೆ ಅಳೆಯಬೇಕು. ಅಡೆನೊಸಿನ್ ಇಲ್ಲದೆ ಅಳೆಯುವ ಐಎಫ್‌ಆರ್ ಎಂಬ ವಿಧಾನವೂ ಇದೆ. ಅದರಲ್ಲಿ ಗಡಿ 0.89.

ಕಣ್ಣಳತೆ ಎಷ್ಟು ಮೋಸ ಮಾಡಬಹುದು ಅನ್ನೋದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2009ರಲ್ಲಿ ಬಂದ ‘ಫೇಮ್’ ಅಧ್ಯಯನದಲ್ಲಿ, ಕಣ್ಣಿಗೆ 50ರಿಂದ 70% ಅಂತ ಕಂಡ ಬ್ಲಾಕ್‌ಗಳಲ್ಲಿ ವೈರ್ ಹಾಕಿ ಅಳೆದಾಗ ಸುಮಾರು 35% ಮಾತ್ರ ಹರಿವಿಗೆ ಅಡ್ಡಿ ಮಾಡುತ್ತಿದ್ದವು. 71ರಿಂದ 90% ಅಂತ ಕಂಡವುಗಳಲ್ಲಿ ಸುಮಾರು 80%. ನಿಮ್ಮ ತಂದೆಯ ಬ್ಲಾಕ್ ಈ ಎರಡು ಗುಂಪುಗಳ ಗಡಿಯ ಮೇಲೇ ಕೂತಿದೆ. ಅಳೆಯುವುದು ಹೆಚ್ಚು ಪ್ರಯೋಜನಕ್ಕೆ ಬರುವುದು ಇಂಥ ಜಾಗದಲ್ಲೇ. 95% ಇರುವುದನ್ನು ಅಳೆಯುವ ಅಗತ್ಯವಿಲ್ಲ, 30% ಇರುವುದಕ್ಕೂ ಇಲ್ಲ.

ಹಾಗಾದರೆ ನಿಮ್ಮ ಸಂಬಂಧಿಕ ಡಾಕ್ಟರ್ ಹೇಳಿದ್ದು ತಪ್ಪಾ? ಪೂರ್ತಿ ತಪ್ಪಲ್ಲ, ಅವರ ಮಾತಿಗೂ ಆಧಾರವಿದೆ. 2019ರಲ್ಲಿ ‘ಕಂಪ್ಲೀಟ್’ ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತು. ದೊಡ್ಡ ಅಟ್ಯಾಕ್ ಆಗಿ, ಕಾರಣವಾದ ನಾಳಕ್ಕೆ ಚಿಕಿತ್ಸೆ ಆಗಿ, ಬೇರೆ ನಾಳದಲ್ಲೂ ಬ್ಲಾಕ್ ಇದ್ದ 4,041 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ಉಳಿದ ಬ್ಲಾಕ್‌ಗಳನ್ನೂ ಸರಿಮಾಡಿದವರಲ್ಲಿ 7.8% ಜನರಿಗೆ ಹೃದಯ ಸಂಬಂಧಿ ಸಾವು ಅಥವಾ ಮತ್ತೊಂದು ಅಟ್ಯಾಕ್ ಆಯಿತು. ಹಾಗೇ ಬಿಟ್ಟವರಲ್ಲಿ 10.5%. ಲಾಭ ಬಂದದ್ದು ಮುಖ್ಯವಾಗಿ ಹೊಸ ಅಟ್ಯಾಕ್ ತಪ್ಪಿದ್ದರಿಂದ. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆ ಅಧ್ಯಯನದಲ್ಲೂ 70% ಮೇಲಿನ ಬ್ಲಾಕ್‌ಗೆ ನೇರವಾಗಿ ಸ್ಟೆಂಟ್ ಹಾಕಿದರು. 50ರಿಂದ 69% ಇದ್ದರೆ ವೈರ್‌ನಲ್ಲಿ ಅಳೆದು, 0.80 ಅಥವಾ ಕಡಿಮೆ ಬಂದರೆ ಮಾತ್ರ ಹಾಕಿದರು. ಅಂದರೆ ಇಬ್ಬರು ಡಾಕ್ಟರ್‌ಗಳ ಮಾತೂ ಅದೇ ಪುಸ್ತಕದ್ದೇ. ಒಬ್ಬರ ಕಣ್ಣಿಗೆ 70 ಕಂಡಿದೆ, ಇನ್ನೊಬ್ಬರಿಗೆ 60 ಕಂಡಿದೆ. ಇದರ ಜೊತೆ ಇನ್ನೊಂದನ್ನೂ ಹೇಳಲೇಬೇಕು. ಅಟ್ಯಾಕ್ ಆದವರಲ್ಲಿ ‘ವೈರ್ ಅಳತೆ ನೋಡಿ ಸ್ಟೆಂಟ್’, ‘ಕಣ್ಣಲ್ಲಿ ನೋಡಿ ಸ್ಟೆಂಟ್’ ಎಂಬ ಎರಡು ದಾರಿಗಳನ್ನು ಫ್ರಾನ್ಸ್‌ನ ಅಧ್ಯಯನವೊಂದು 2021ರಲ್ಲಿ ಹೋಲಿಸಿತು. ಒಂದು ವರ್ಷದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಅಳೆದು ಹಾಕಿದವರಲ್ಲಿ ಸ್ಟೆಂಟ್ ಮಾತ್ರ ಕಡಿಮೆ ಬೇಕಾದವು.

ನನ್ನ ಅಭಿಪ್ರಾಯ: ನಿಮ್ಮ ತಂದೆಯ ವಿಷಯದಲ್ಲಿ ಅಳೆದು ತೀರ್ಮಾನ ಮಾಡುವುದೇ ಒಳ್ಳೆಯದು. ಬೇಡದ ಸ್ಟೆಂಟ್ ಒಂದು ಹಾಕಿದರೆ ಅದೂ ಜೀವನಪೂರ್ತಿ ಜೊತೆಗಿರುತ್ತದೆ. ಶುಗರ್ ಇರುವವರಲ್ಲಿ ಸ್ಟೆಂಟ್ ಒಳಗೆ ಮತ್ತೆ ಕಿರಿದಾಗುವ ಸಾಧ್ಯತೆ ಜಾಸ್ತಿ. ಹಾಗಂತ ಅಳತೆಯನ್ನೇ ಮುಂದೂಡಬೇಡಿ. ‘ಕಂಪ್ಲೀಟ್’ ಅಧ್ಯಯನದಲ್ಲಿ ಎರಡನೇ ಹಂತವನ್ನು ಹೆಚ್ಚೆಂದರೆ 45 ದಿನದೊಳಗೆ ಮುಗಿಸಿದ್ದರು. ನಿಮ್ಮ ಡಾಕ್ಟರ್ ಹೇಳಿದ ಒಂದು ತಿಂಗಳು ಇದಕ್ಕೆ ಸರಿಹೊಂದುತ್ತದೆ. ‘ಬಿತ್ತನೆ ಮುಗೀಲಿ, ಆಮೇಲೆ ನೋಡೋಣ’ ಅಂತ ಆರು ತಿಂಗಳು ತಳ್ಳುವುದು ಬೇಡ.

ಖರ್ಚಿನ ಮಾತನ್ನೂ ಆಡಬೇಕು. ಸ್ಟೆಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿತು. ಪ್ರೆಶರ್ ವೈರ್ ಬೇರೆ ವಸ್ತು, ಬೆಲೆಯೂ ಕಡಿಮೆಯಲ್ಲ. ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಆಂಜಿಯೋಪ್ಲಾಸ್ಟಿ ಆಗುತ್ತದೆ ಅಂದಾಕ್ಷಣ ವೈರ್ ಕೂಡ ಸೇರಿದೆ ಅಂದುಕೊಳ್ಳಬೇಡಿ. ದಾಖಲಾಗುವ ಮೊದಲೇ ಕೌಂಟರ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಟೇಬಲ್ ಮೇಲೆ ಮಲಗಿಸಿದ ಮೇಲೆ ಹೊರಗಿರುವ ಮನೆಯವರು ಹಣಕ್ಕೆ ಓಡಾಡುವಂತಾಗಬಾರದು.

ಇನ್ನು ಸುಸ್ತಿನ ವಿಷಯ. ನನಗೆ ಆರ್‌ಸಿಎ ಬ್ಲಾಕ್‌ಗಿಂತ ಇದರ ಚಿಂತೆ ಜಾಸ್ತಿ.

‘ಟಿಮಿ 3’ ಅಂದರೆ ದೊಡ್ಡ ನಾಳದಲ್ಲಿ ಡೈ ತಡೆಯಿಲ್ಲದೆ ತುದಿಯವರೆಗೆ ಹರಿಯುತ್ತಿದೆ ಎಂದು. 0 ಅಂದರೆ ಪೂರ್ತಿ ಬಂದ್, 3 ಅಂದರೆ ಸಹಜ. ಅಲ್ಲಿಗೆ ಸ್ಟೆಂಟ್ ತನ್ನ ಕೆಲಸ ಮಾಡಿದೆ. ಆದರೆ ನಿಮ್ಮ ಕಡೆಯವರಿಗೆ ಭದ್ರಾ ಕಾಲುವೆಯ ವಿಷಯ ನಾನು ಹೇಳಬೇಕಾಗಿಲ್ಲ. ಮುಖ್ಯ ಕಾಲುವೆ ತುಂಬಿ ಹರಿದರೂ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟಿದೆ ಅಂತ ಅಲ್ಲ. ಹೃದಯದಲ್ಲೂ ದೊಡ್ಡ ನಾಳ ತೆರೆದ ಮೇಲೆ, ಸ್ನಾಯುವಿನೊಳಗಿನ ಸಣ್ಣ ನಾಳಗಳು ಊದಿಕೊಂಡು ಅಥವಾ ಹೆಪ್ಪಿನ ಚೂರುಗಳಿಂದ ಕಟ್ಟಿಕೊಂಡಿರಬಹುದು. ಆ ಸಣ್ಣ ನಾಳಗಳು ಆಂಜಿಯೋಗ್ರಾಂನಲ್ಲಿ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅವುಗಳಿಗೆ ಇನ್ನೊಂದು ಸ್ಟೆಂಟ್ ಹಾಕಿಯೂ ಪ್ರಯೋಜನವಿಲ್ಲ. ಕಾಲ, ಮಾತ್ರೆ ಇವೇ ಚಿಕಿತ್ಸೆ.

ಇನ್ನೊಂದು ಕಾರಣ, ಅಟ್ಯಾಕ್‌ನಲ್ಲಿ ಪೆಟ್ಟು ತಿಂದ ಸ್ನಾಯು ಪೂರ್ತಿ ಸತ್ತಿರುವುದಿಲ್ಲ. ಒಂದಷ್ಟು ಭಾಗ ಜೀವಂತ ಇದ್ದರೂ ಕೆಲವು ವಾರ ಕೆಲಸ ನಿಲ್ಲಿಸಿರುತ್ತದೆ. ಇಎಫ್ ಅಂದರೆ ಹೃದಯದ ಎಡ ಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಪ್ರತಿ ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನೋದು. ಅದು 40% ಅಂದರೆ ಹೃದಯ 40% ಮಾತ್ರ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಡಿ. ಆರೋಗ್ಯವಂತರಲ್ಲೂ ಅದು 100 ಇರುವುದಿಲ್ಲ, 55ರ ಮೇಲಿದ್ದರೆ ಸಹಜ. ಅಟ್ಯಾಕ್ ಆದ ಒಂದೆರಡು ದಿನದಲ್ಲಿ ತೆಗೆದ ಎಕೋ ನೋಡಿ ಮುಂದಿನ ಬದುಕಿನ ಲೆಕ್ಕ ಹಾಕಬಾರದು. ಆರು ವಾರದಿಂದ ಮೂರು ತಿಂಗಳ ಒಳಗೆ ಮತ್ತೆ ಎಕೋ ಮಾಡಿಸಿ. 40 ಇದ್ದದ್ದು 50ಕ್ಕೆ ಬಂದವರನ್ನು ನಾನು ಆಗಾಗ ನೋಡುತ್ತಿರುತ್ತೇನೆ. ಎಲ್ಲರಿಗೂ ಹಾಗೇ ಆಗುತ್ತದೆ ಎಂದು ಮಾತು ಕೊಡಲಾರೆ.

ಆದರೂ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕೂರುತ್ತಾರೆ ಎಂದರೆ, ಒಂದು ತಿಂಗಳ ತಾರೀಕಿಗೆ ಕಾಯಬೇಡಿ. ಈ ವಾರವೇ ಕರೆದುಕೊಂಡು ಹೋಗಿ. ಶುಗರ್ ಇರುವವರಿಗೆ ಎದೆನೋವೇ ಬರಬೇಕೆಂದಿಲ್ಲ. ಬರೀ ಸುಸ್ತು, ಏದುಸಿರು ಕೂಡ ರಕ್ತದ ಕೊರತೆಯ ಸೂಚನೆ ಆಗಿರಬಹುದು. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿರಬಹುದು. ಮಾತ್ರೆಯಿಂದ ಬಿಪಿ ಅಥವಾ ನಾಡಿ ತೀರಾ ಇಳಿದಿರಬಹುದು. ರಕ್ತ ತೆಳುಮಾಡುವ ಮಾತ್ರೆಯಿಂದ ಹೊಟ್ಟೆಯಲ್ಲಿ ಸಣ್ಣದಾಗಿ ರಕ್ತ ಸೋರಿ ಹಿಮೋಗ್ಲೋಬಿನ್ ಕಡಿಮೆಯಾಗಿರಬಹುದು, ಮಲ ಕಪ್ಪಗೆ ಹೋಗುತ್ತಿದೆಯಾ ಕೇಳಿ. ಇದೆಲ್ಲ ಒಂದು ಇಸಿಜಿ, ಎಕೋ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಕಾಲು ಊದುವುದು, ಕೂತಲ್ಲೇ ಎದೆ ಹಿಂಡುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ನಾಳೆ ಅನ್ನಬೇಡಿ. ಅದೇ ಹೊತ್ತಿಗೆ ಹೊರಡಿ.

ಸಿಟಿ ಆಂಜಿಯೋ ಬಗ್ಗೆ: ಎದೆನೋವು ಹೃದಯದ್ದೋ ಅಲ್ಲವೋ ಎಂಬ ಅನುಮಾನ ಇರುವವರಿಗೆ, ಬ್ಲಾಕ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದು ಒಳ್ಳೆಯ ಪರೀಕ್ಷೆ. ನಿಮ್ಮ ತಂದೆಗೆ ಬ್ಲಾಕ್ ಇದೆ ಎಂದು ಈಗಾಗಲೇ ಗೊತ್ತು. ಸಿಟಿ ಮತ್ತೊಮ್ಮೆ ನಾಳದ ಆಕಾರವನ್ನೇ ತೋರಿಸುತ್ತದೆ. ಅದರಲ್ಲೂ ಸುಣ್ಣ ಕಟ್ಟಿದ ಕಡೆ, ಸ್ಟೆಂಟ್ ಇರುವ ಕಡೆ ಚಿತ್ರ ಮಸುಕಾಗುತ್ತದೆ. ಮತ್ತೆ ಡೈ ಬೇಕು, ಕಿಡ್ನಿಗೆ ಮತ್ತೊಂದು ಹೊರೆ. ಇಲ್ಲಿ ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ವೈರ್ ಬೇಡ ಎನಿಸಿದರೆ ಇನ್ನೊಂದು ದಾರಿ ಇದೆ, ಜನ ‘ಥ್ಯಾಲಿಯಂ’ ಅಂತ ಕರೆಯುವ ಸ್ಕ್ಯಾನ್. ಈಗ ಹೆಚ್ಚಾಗಿ ಟೆಕ್ನೀಶಿಯಂ ಎಂಬ ವಿಕಿರಣ ವಸ್ತು ಬಳಸುತ್ತಾರೆ. ವಿಶ್ರಾಂತಿಯಲ್ಲಿ ಒಮ್ಮೆ, ಶ್ರಮ ಕೊಟ್ಟು ಒಮ್ಮೆ ಚಿತ್ರ ತೆಗೆದು ಯಾವ ಭಾಗಕ್ಕೆ ರಕ್ತ ಸಾಲುತ್ತಿಲ್ಲ ಎಂದು ನೋಡುತ್ತಾರೆ. ಆಸ್ಪತ್ರೆಯಲ್ಲಿ ದಾಖಲಾಗಬೇಕಿಲ್ಲ. ಸ್ವಲ್ಪ ವಿಕಿರಣ ಬೀಳುತ್ತದೆ. ಶ್ರಮಕ್ಕೆ ಬದಲು ಅಡೆನೊಸಿನ್ ಕೊಡುವುದಿದ್ದರೆ ಹಿಂದಿನ ದಿನದಿಂದಲೇ ಕಾಫಿ, ಟೀ ನಿಲ್ಲಿಸಬೇಕು, ಒಂದು ಲೋಟ ಕುಡಿದರೂ ಔಷಧ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಆಸ್ತಮಾ ಇದ್ದರೆ ಮೊದಲೇ ತಿಳಿಸಿ. ಬರೀ ಟಿಎಂಟಿ (ಬೆಲ್ಟ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ಮಾತ್ರ ಈ ಸ್ಥಿತಿಯಲ್ಲಿ ನಂಬಿಕೆಗೆ ಸಾಲದು. ಅಟ್ಯಾಕ್ ಆದ ಮೇಲೆ ಇಸಿಜಿಯೇ ಬದಲಾಗಿರುತ್ತದೆ. ಈ ಸುಸ್ತಿನಲ್ಲಿ ಅವರನ್ನು ಬೆಲ್ಟ್ ಮೇಲೆ ಓಡಿಸುವುದೂ ಸರಿಯಲ್ಲ.

ಎಂಆರ್‌ಐ ಕುರಿತ ಭಯ ಬಿಟ್ಟುಬಿಡಿ. ಈಗಿನ ಸ್ಟೆಂಟ್‌ಗಳು ಆಯಸ್ಕಾಂತಕ್ಕೆ ಎಳೆಯಲ್ಪಡುವಂಥವಲ್ಲ. ಸ್ಟೆಂಟ್ ಕಾರ್ಡ್ ತೋರಿಸಿದರೆ ಸಾಕು, ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಹೃದಯದ ಎಂಆರ್‌ಐ ಎಷ್ಟು ಸ್ನಾಯು ಸತ್ತು ಗಾಯವಾಗಿದೆ, ಎಷ್ಟು ಜೀವಂತ ಇದೆ, ಸಣ್ಣ ನಾಳಗಳು ಕಟ್ಟಿಕೊಂಡಿದ್ದವಾ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಆಂಜಿಯೋಗ್ರಾಂನಲ್ಲಿ ಬ್ಲಾಕೇ ಕಾಣದ ಅಟ್ಯಾಕ್‌ಗಳಲ್ಲಿ ಇದು ಬಹಳ ಉಪಯೋಗಿ. ನಿಮ್ಮ ತಂದೆಗೆ ಈಗಲೇ ಬೇಕಾಗಿಲ್ಲ. ಮೂರು ತಿಂಗಳ ಎಕೋದಲ್ಲೂ ಇಎಫ್ ಏರದಿದ್ದರೆ ಆಗ ಯೋಚಿಸಬಹುದು.

ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೂತ ಕೊಬ್ಬು, ಸುಣ್ಣ, ನಾರು ಯಾವ ಕಷಾಯಕ್ಕೂ ಕರಗುವುದಿಲ್ಲ. ಅಡುಗೆಯಲ್ಲಿ ಬೆಳ್ಳುಳ್ಳಿ ಎಷ್ಟು ಬೇಕಾದರೂ ಹಾಕಿಕೊಳ್ಳಿ. ಆದರೆ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳು ಮಾತ್ರೆ ತೆಗೆದುಕೊಳ್ಳುತ್ತಿರುವವರು ಬೆಳ್ಳುಳ್ಳಿ ರಸವನ್ನು ಲೋಟಗಟ್ಟಲೆ ಕುಡಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಷಾಯ ಶುರುಮಾಡಿದ ಎಷ್ಟೋ ಮನೆಗಳಲ್ಲಿ ಮಾತ್ರೆ ನಿಧಾನವಾಗಿ ನಿಂತುಹೋಗುತ್ತದೆ. ಹೊಸ ಸ್ಟೆಂಟ್‌ನಲ್ಲಿ ದಿಢೀರ್ ಹೆಪ್ಪುಗಟ್ಟಿದರೆ ಜೀವವೇ ಹೋಗಬಹುದು. ಹಲ್ಲು ಕೀಳಿಸಲಿ, ಇನ್ನೇನೇ ಇರಲಿ, ಹೃದಯದ ಡಾಕ್ಟರ್‌ನ ಕೇಳದೆ ಆ ಎರಡು ರಕ್ತ ತೆಳು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಸಾಮಾನ್ಯವಾಗಿ ಎರಡನ್ನೂ ಒಂದು ವರ್ಷ ಕೊಡುತ್ತೇವೆ.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನಾಳದ ಗೋಡೆಯ ಕೊಬ್ಬನ್ನು ಪೂರ್ತಿ ತೆಗೆಯುವುದಿಲ್ಲ, ಆದರೆ ಗಟ್ಟಿ ಮಾಡಿ ಒಡೆಯದಂತೆ ನೋಡಿಕೊಳ್ಳುತ್ತದೆ. ಅಟ್ಯಾಕ್ ಆಗುವುದು ಬಹುಪಾಲು ಆ ಕೊಬ್ಬಿನ ಪೊರೆ ಒಡೆದು ಮೇಲೆ ಹೆಪ್ಪುಗಟ್ಟಿದಾಗ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ಕ್ಕಿಂತ ಕೆಳಗೆ ಇರಬೇಕು. ಒಂದು ತಿಂಗಳ ಭೇಟಿಗೆ ಈ ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗಿ.

ಈಗ ನಿಮ್ಮ ಮುಂದಿರುವ ಆಯ್ಕೆಗಳು. ವೈರ್ ಅಳತೆಯ ಬಗ್ಗೆ ಹೇಳಿಯಾಯಿತು. ಅದು ಮತ್ತೊಮ್ಮೆ ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬ್‌ಗೆ ಹೋಗುವ ಕೆಲಸ, ರಕ್ತಸ್ರಾವ, ನಾಳಕ್ಕೆ ಪೆಟ್ಟು, ಡೈಯಿಂದ ಕಿಡ್ನಿಗೆ ತೊಂದರೆ ಎಂಬ ಸಣ್ಣ ಅಪಾಯಗಳಿವೆ. ನೇರವಾಗಿ ಸ್ಟೆಂಟ್ ಹಾಕಿಸಿದರೂ ಇದೇ ಅಪಾಯಗಳು, ಜೊತೆಗೆ ಬೇಡದ ಸ್ಟೆಂಟ್ ಆಗುವ ಸಾಧ್ಯತೆ. ಸಿಡಿ ಮತ್ತೆ ನೋಡಿದಾಗ ಬ್ಲಾಕ್ 80ರ ಮೇಲೆ ಎಂದು ಸ್ಪಷ್ಟವಾಗಿ ಕಂಡರೆ ನಾನೂ ಅಳೆಯದೆ ಹಾಕುತ್ತೇನೆ. ಮಾತ್ರೆಯಲ್ಲೇ ಮುಂದುವರಿಯುವುದು ಮೂರನೆಯದು. ಕಿಡ್ನಿ ತುಂಬಾ ಹಾಳಾಗಿದ್ದರೆ, ರಕ್ತಸ್ರಾವದ ತೊಂದರೆ ಇದ್ದರೆ ಅದೇ ಸರಿಯಾದ ದಾರಿ. ಉಳಿದವರಲ್ಲಿ ಮತ್ತೊಂದು ಅಟ್ಯಾಕ್‌ನ ಅಪಾಯ ಸ್ವಲ್ಪ ಹೆಚ್ಚು ಉಳಿಯುತ್ತದೆ. ಬೈಪಾಸ್ ಮಾತು ಬರುವುದು ಮೂರೂ ನಾಳಗಳಲ್ಲಿ ಅಥವಾ ಎಡಗಡೆಯ ಮುಖ್ಯ ನಾಳದಲ್ಲಿ ದೊಡ್ಡ ಬ್ಲಾಕ್ ಇದ್ದಾಗ. ನೀವು ಬರೆದ ರಿಪೋರ್ಟ್‌ನಲ್ಲಿ ಅಂಥದ್ದು ಕಾಣುತ್ತಿಲ್ಲ.

ಎರಡನೇ ಅಭಿಪ್ರಾಯ ಕೇಳುವುದಿದ್ದರೆ ಸಮ್ಮರಿ ಹಾಳೆಯ ಫೋಟೋ ವಾಟ್ಸಾಪ್ ಮಾಡಬೇಡಿ. ಆಂಜಿಯೋಗ್ರಾಂ ಸಿಡಿಯನ್ನೇ ಕೇಳಿ ತೆಗೆದುಕೊಂಡು ಹೋಗಿ. ಸಂಖ್ಯೆ ನೋಡಿ ಸಲಹೆ ಕೊಡುವುದಕ್ಕೂ ನಾಳವನ್ನೇ ನೋಡಿ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಹೊಸದಿರಲಿ. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಡೈ ಕೊಡುವ ಮೊದಲು ತಿಳಿಸಿ. ಕಿಡ್ನಿ ಸರಿಯಿಲ್ಲದಿದ್ದರೆ ಅದನ್ನು ಎರಡು ದಿನ ನಿಲ್ಲಿಸಬೇಕಾಗುತ್ತದೆ. ‘ಈ ಬ್ಲಾಕ್ ಹರಿವನ್ನು ತಡೆಯುತ್ತಿದೆಯಾ, ಹೇಗೆ ಗೊತ್ತಾಯಿತು?’ ಎಂದು ಡಾಕ್ಟರ್‌ನ ಕೇಳಲು ಹಿಂಜರಿಯಬೇಡಿ. ಅಳತೆ ಆದ ಮೇಲೆ ಬಂದ ಸಂಖ್ಯೆಯನ್ನು ಸಮ್ಮರಿಯಲ್ಲಿ ಬರೆಸಿಕೊಳ್ಳಿ.